ಒಂದೇ ಗಾಡಿ, ಊರಿಗೊಂದು ಹೆಸರು

ಕಳೆದ ವಾರ್ಷಿಕ ಮಹಾಸಭೆ ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಸದಸ್ಯರೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರ ಮಗ ಕಾರು ಕೊಳ್ಳಲು ಹೊರಟಿದ್ದಾನೆ. ಪೇಟೆಯ ಎರಡು ಅಂಗಡಿಗಳಲ್ಲಿ ಎರಡು ಕಾರು ನೋಡಿ ಬಂದಿದ್ದಾನೆ. ಒಂದರ ಮೂತಿಯ ಮೇಲೆ ಸುಜುಕಿಯ ಗುರುತು, ಹೆಸರು ಬಲೆನೊ. ಇನ್ನೊಂದರ ಮೇಲೆ ಟೊಯೊಟಾದ ಗುರುತು, ಹೆಸರು ಗ್ಲಾಂಜಾ. ಬಾಗಿಲು, ಗಾಜು, ಎಂಜಿನ್ನು ಎಲ್ಲ ಒಂದೇ. "ಇದರಲ್ಲಿ ಅಸಲು ಯಾವುದು, ನಕಲು ಯಾವುದು ಸ್ವಾಮಿ?" ಎಂದು ಅವರು ಕೇಳಿದ್ದೇ ತಡ, ಪಾಯಸ ಬರುವ ಹೊತ್ತಿಗೆ ಇಡೀ ಪಂಕ್ತಿ ಚರ್ಚೆಗೆ ಇಳಿದಿತ್ತು. ಲೆಕ್ಕಪರಿಶೋಧಕರ ವರದಿಯ ಮೇಲೆ ಇದರ ಕಾಲುಭಾಗ ಚರ್ಚೆ ನಡೆದಿದ್ದರೆ ನಮಗೆ ಸಂತೋಷವಾಗುತ್ತಿತ್ತು.

ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಸಣ್ಣ ಹಿಡುವಳಿದಾರನಿಗೆ ಒಂದು ಕಾರೆಂದರೆ ಹಲವು ವರ್ಷಗಳ ಫಸಲಿನ ಉಳಿತಾಯ. ಆದ್ದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುವುದು ಯೋಗ್ಯವೆಂದು ತೋರಿತು.

ಒಂದೇ ಗಾಡಿಗೆ ಬೇರೆ ಬೇರೆ ಹೆಸರಿಟ್ಟು ಮಾರುವುದು ಮೋಸವಲ್ಲ, ಹೊಸದೂ ಅಲ್ಲ. ನಮ್ಮ ಹಿರಿಯ ಸದಸ್ಯರು ಓಡಿಸಿದ ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100. ಅಷ್ಟೇಕೆ, ನಮ್ಮ ಕಾಫಿಯ ಕಥೆಯೂ ಅದೇ ತಾನೇ? ಕಣದಲ್ಲಿ ಒಣಗಿಸಿದ ನಮ್ಮ ಚೆರ್ರಿ ಕ್ಯೂರಿಂಗ್ ಕಾರ್ಖಾನೆ ದಾಟಿ ಇಟಲಿಗೆ ಹೋಗಿ, ಬೇರೆ ದೇಶದ ಬೀಜದೊಡನೆ ಬೆರೆತು, ಯಾವುದೋ ಹೆಸರಿನ ಪೊಟ್ಟಣದಲ್ಲಿ ಕೂರುತ್ತದೆ. ಕುಡಿಯುವವನಿಗೆ ನಮ್ಮ ಊರಿನ ಹೆಸರು ತಿಳಿಯುವುದಿಲ್ಲ.

ಹೀಗೆ ಹೆಸರು ಬದಲಾಗಲು, ಜೊತೆಗೆ ಮೈಕಟ್ಟೂ ಬದಲಾಗಲು ಕಾರಣವೇನೆಂಬುದು ನಮ್ಮ ಸೀಮೆಯವರಿಗೆಲ್ಲ ಪರಿಚಿತವಾದ ಒಂದು ಗಾಡಿಯ ಚರಿತ್ರೆಯಿಂದ ಚೆನ್ನಾಗಿ ತಿಳಿಯುತ್ತದೆ. ಅದೇ ಜಿಪ್ಸಿ.

ಜಪಾನಿನಲ್ಲಿ ಅತಿ ಸಣ್ಣ ಕಾರುಗಳದೇ ಒಂದು ವರ್ಗವಿದೆ; ಅದನ್ನು 'ಕೇಯ್' ಎನ್ನುತ್ತಾರೆ. ಇಂತಿಷ್ಟೇ ಉದ್ದ, ಅಗಲ, ಎಂಜಿನ್ ಗಾತ್ರದೊಳಗೆ ಇದ್ದರೆ ತೆರಿಗೆಯೂ ಕಡಿಮೆ, ವಿಮೆಯೂ ಕಡಿಮೆ. 1970ರಲ್ಲಿ ಆ ಮಿತಿ 3 ಮೀಟರ್ ಉದ್ದ, 360 ಸಿಸಿ ಎಂಜಿನ್ನು. ಆ ವರ್ಷ ಸುಜುಕಿ ಕಂಪೆನಿ ಜಿಮ್ನಿ ಎಂಬ ನಾಲ್ಕು ಚಕ್ರವೂ ಎಳೆಯುವ ಪುಟ್ಟ ಜೀಪನ್ನು ಹೊರತಂದಿತು. ಉದ್ದ 3 ಮೀಟರು ಮೀರಬಾರದೆಂದು ಹೆಚ್ಚುವರಿ ಚಕ್ರವನ್ನು ಹಿಂಬಾಗಿಲಿಗೆ ನೇತುಹಾಕದೆ ಒಳಗೇ, ಹಿಂದಿನ ಸೀಟಿನ ಜಾಗದಲ್ಲಿ ಇಟ್ಟರು. ಹೀಗಾಗಿ ಅದು ಮೂರೇ ಜನರ ಗಾಡಿಯಾಯಿತು. ನಾಲ್ಕನೆಯವನ ಜಾಗವನ್ನು ಕಿತ್ತುಕೊಂಡದ್ದು ಎಂಜಿನಿಯರ್ ಅಲ್ಲ, ತೆರಿಗೆಯ ಕಾಯಿದೆ. ಮುಂದಿನ ಕಥೆಯಲ್ಲೆಲ್ಲ ಈ ಮಾತು ನೆನಪಿರಲಿ.

ಹೊರದೇಶದ ಗಿರಾಕಿಗೆ ಜಪಾನಿನ ತೆರಿಗೆಯ ಗೊಡವೆ ಇಲ್ಲ. ಅವನಿಗೆ ಬೇಕಾದದ್ದು ಎಳೆತ. ಆದ್ದರಿಂದ 1980ರ ದಶಕದ ಮೊದಲಲ್ಲಿ ಅದೇ ಜಿಮ್ನಿಗೆ 970 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನು ಕೂರಿಸಿ ಎಸ್‌ಜೆ 410 ಎಂಬ ರಫ್ತು ಮಾದರಿಯನ್ನು ಮಾಡಿದರು. ಅದರ ಉದ್ದನೆಯ ಚಾಸಿಯ ರೂಪವೇ 1985ರ ಕೊನೆಯಲ್ಲಿ ಗುರಗಾಂವ್ ಕಾರ್ಖಾನೆಯಿಂದ ಮಾರುತಿ ಜಿಪ್ಸಿ ಎಂದು ಹೊರಬಂತು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಗಿಡ್ಡ ಮಾದರಿಯಲ್ಲಿ 2030 ಮಿಲಿಮೀಟರ್. ನಮ್ಮ ಜಿಪ್ಸಿಯಲ್ಲಿ 2375. ಅಂದರೆ ಒಂದಡಿಗೂ ತುಸು ಹೆಚ್ಚು. ನಮ್ಮ ದೇಶದಲ್ಲಿ ಜೀಪೆಂದರೆ ಹಿಂದೆ ಆಳು ಕೂರಬೇಕು, ಗೊಬ್ಬರದ ಮೂಟೆ ಹಾಕಬೇಕು. ಗಿಡ್ಡ ಗಾಡಿ ಇಲ್ಲಿ ನಡೆಯುತ್ತಿರಲಿಲ್ಲ.

ಅದೇ ವೇಳೆಗೆ ಅದೇ ಗಾಡಿ ಆಸ್ಟ್ರೇಲಿಯದಲ್ಲಿ ಸುಜುಕಿ ಸಿಯೆರಾ ಎಂಬ ಹೆಸರಿನಲ್ಲಿ ಓಡುತ್ತಿತ್ತು. ಇಷ್ಟೇ ಆಗಿದ್ದರೆ ಸರಿ. ಆ ದೇಶದ ಹಳೆಯ ಮನೆತನದಂಥ ಹೋಲ್ಡನ್ ಕಂಪೆನಿಯ ಅಂಗಡಿಯಲ್ಲಿಯೂ ಅದು ಹೋಲ್ಡನ್ ಡ್ರೋವರ್ ಎಂಬ ಹೆಸರು ಹೊತ್ತು ನಿಂತಿತ್ತು. ಹೋಲ್ಡನ್ ಅಮೆರಿಕದ ಜನರಲ್ ಮೋಟರ್ಸ್‌ಗೆ ಸೇರಿದ್ದು. ಜನರಲ್ ಮೋಟರ್ಸ್ 1981ರಲ್ಲಿ ಸುಜುಕಿಯ ಷೇರು ಕೊಂಡಿತ್ತು. ನೆಂಟಸ್ತನವಾದ ಮೇಲೆ ಸಾಮಾನು ಮನೆಯಿಂದ ಮನೆಗೆ ಹೋಗುವುದು ಸಹಜ. 'ಡ್ರೋವರ್' ಎಂದರೆ ದನದ ಹಿಂಡು ಹೊಡೆಯುವವನು. ಅಲ್ಲಿನ ರೈತನಿಗೆ ಈ ಗಾಡಿ ತನ್ನದೆನಿಸಬೇಕಲ್ಲ!

ಅಮೆರಿಕಕ್ಕೆ ಹೋದಾಗ ಅದು ಸಮುರಾಯ್ ಆಯಿತು, ಎಂಜಿನ್ನು 1.3 ಲೀಟರಿಗೆ ಏರಿತು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಸಣ್ಣ ಎಂಜಿನ್ನು ಸಾಲದು. ಯೂರೋಪಿನಲ್ಲಿ ಬೇರೊಂದು ತೊಡಕು. ಅಲ್ಲಿನ ಹಲವು ದೇಶಗಳು ಜಪಾನಿನ ಕಾರುಗಳ ಆಮದಿಗೆ ಮಿತಿ ಹಾಕಿದ್ದವು. ಸುಜುಕಿಯವರು ಸ್ಪೇನ್ ದೇಶದ ಲಿನಾರೆಸ್ ಎಂಬ ಊರಿನ ಸಂತಾನಾ ಕಾರ್ಖಾನೆಯಲ್ಲಿ ಅದನ್ನು ಮಾಡಿಸತೊಡಗಿದರು. ಅಲ್ಲಿ ಹುಟ್ಟಿದ ಮೇಲೆ ಅದು ಯೂರೋಪಿನ ಗಾಡಿ. ತಮಾಷೆಯೆಂದರೆ ಜಪಾನಿನ ಒಳಗೂ ಈ ಹೆಸರು ಬದಲಾವಣೆ ತಪ್ಪಲಿಲ್ಲ: 1998ರಿಂದ ಮಜ್ದಾ ಕಂಪೆನಿಯವರು ಜಿಮ್ನಿಯನ್ನೇ ತಂದು ಎಜೆಡ್-ಆಫ್‌ರೋಡ್ ಎಂಬ ಹೆಸರಿನಲ್ಲಿ ತಮ್ಮ ಅಂಗಡಿಗಳಲ್ಲಿ ಮಾರಿದರು. ಸ್ವಂತ ಜೀಪು ರೂಪಿಸುವ ಖರ್ಚು ಉಳಿಯಿತು, ಹಳೆಯ ಗಿರಾಕಿ ಬೇರೆಯವರ ಅಂಗಡಿಗೆ ಹೋಗುವುದೂ ತಪ್ಪಿತು.

ನಮ್ಮಲ್ಲಿ ಜಿಪ್ಸಿ 1996ರಲ್ಲಿ 1.3 ಲೀಟರ್ ಎಂಜಿನ್ನು ಪಡೆಯಿತು. ಮೈ ಮಾತ್ರ 1980ರ ದಶಕದ್ದೇ. ಜಪಾನಿನಲ್ಲಿ 1998ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಹೊಸ ಪೀಳಿಗೆ ಬಂದರೂ ನಾವು ಹಳೆಯದನ್ನೇ 2019ರವರೆಗೆ ಕೊಳ್ಳುತ್ತಿದ್ದೆವು. ಅದೇ ವರ್ಷ ಸಾಮಾನ್ಯ ಗಿರಾಕಿಗಳಿಗೆ ಮಾರಾಟ ನಿಂತಿತು. ಇದನ್ನು ಕೆಲವರು ಅವಮಾನವೆಂದು ಭಾವಿಸುತ್ತಾರೆ. ನಮ್ಮ ಅಭಿಪ್ರಾಯ ಹಾಗಲ್ಲ. ಮೂವತ್ತು ವರ್ಷ ಒಂದೇ ಮಾದರಿ ಇದ್ದುದರಿಂದ ಬಿಡಿಭಾಗ ಎಲ್ಲೆಡೆ ಸಿಕ್ಕಿತು, ಮರದ ಕೆಳಗಿನ ಮೆಕ್ಯಾನಿಕ್ಕೂ ಕಣ್ಣುಮುಚ್ಚಿ ಬಿಚ್ಚಿ ಜೋಡಿಸಿದ.

2018ರ ಹೊಸ ಜಿಮ್ನಿಯದು ಇನ್ನೂ ಸ್ವಾರಸ್ಯ. ಜಪಾನಿನಲ್ಲಿ ಅದು 660 ಸಿಸಿ ಮಿತಿಯೊಳಗಿನ ಎಂಜಿನ್ನಿನ ಕೇಯ್ ಗಾಡಿ. ಅದಕ್ಕೇ ಅಗಲವಾದ ಮಡ್‌ಗಾರ್ಡು ಮತ್ತು 1.5 ಲೀಟರ್ ಎಂಜಿನ್ನು ಕೂರಿಸಿದರೆ ಹೊರದೇಶದ ಗಾಡಿ. ಯೂರೋಪಿನಲ್ಲಿ ಹೊಗೆಯ ಇಂಗಾಲದ ಲೆಕ್ಕ ಬಿಗಿಯಾದಾಗ 2020ರ ಸುಮಾರಿಗೆ ಅದನ್ನು ಮಾರುವುದು ಕಷ್ಟವಾಯಿತು. ಕಂಪೆನಿಯವರು ಮಾಡಿದ್ದೇನು? ಹಿಂದಿನ ಸೀಟು ಕಿತ್ತು, ನಡುವೆ ಒಂದು ತಡೆಜಾಲರಿ ಹಾಕಿ, ಸರಕು ಗಾಡಿಯೆಂದು ನೋಂದಾಯಿಸಿ ಮಾರಿದರು. ಸರಕು ಗಾಡಿಗೆ ಹೊಗೆಯ ಲೆಕ್ಕ ಬೇರೆ. 1970ರಲ್ಲಿ ತೆರಿಗೆಗಾಗಿ ನಾಲ್ಕನೆಯ ಸೀಟು ಹೋಯಿತು. ಐವತ್ತು ವರ್ಷದ ನಂತರ ಹೊಗೆಗಾಗಿ ಹಿಂದಿನ ಸೀಟುಗಳೇ ಹೋದವು.

ಭಾರತಕ್ಕೆ ಮತ್ತೆ ಉದ್ದದ್ದೇ ಬಂತು. 2023ರ ಜೂನಿನಲ್ಲಿ ಗುರುಗ್ರಾಮದಿಂದ ಐದು ಬಾಗಿಲಿನ ಜಿಮ್ನಿ ಹೊರಟಿತು. ಈ ಸಲವೂ ಗಾಲಿಗಳ ನಡುವೆ ಸೇರಿಸಿದ್ದು 340 ಮಿಲಿಮೀಟರ್, ಅದೇ ಒಂದಡಿ ಚಿಲ್ಲರೆ. ಒಟ್ಟು ಉದ್ದ 3985 ಮಿಲಿಮೀಟರ್. ನಮ್ಮಲ್ಲಿ 4 ಮೀಟರಿಗಿಂತ ಗಿಡ್ಡವಾದ, 1200 ಸಿಸಿಯೊಳಗಿನ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ ಶೇಕಡ 18, ಮೀರಿದ್ದಕ್ಕೆ 40. ಜಿಮ್ನಿ ಉದ್ದದಲ್ಲಿ ಪಾಸು, ಎಂಜಿನ್ನಿನಲ್ಲಿ ಫೇಲು. ಅದು 1462 ಸಿಸಿ. ಇಲ್ಲಿ ಅದರ ಮಾರಾಟ ಎಣಿಸಿದಷ್ಟು ಆಗಲಿಲ್ಲ. ಆದರೆ 2025ರ ಜನವರಿ ಕೊನೆಯಲ್ಲಿ ಭಾರತದಲ್ಲಿ ಮಾಡಿದ ಇದೇ ಗಾಡಿಯನ್ನು ಜಿಮ್ನಿ ನೊಮಾಡ್ ಎಂಬ ಹೆಸರಿನಲ್ಲಿ ಜಪಾನಿನಲ್ಲಿ ಪ್ರಕಟಿಸಿದಾಗ ಕೆಲವೇ ದಿನಗಳಲ್ಲಿ ಸುಮಾರು 50,000 ಬೇಡಿಕೆ ಬಂದು, ಬುಕಿಂಗನ್ನೇ ನಿಲ್ಲಿಸಬೇಕಾಯಿತು. ತಿಂಗಳಿಗೆ 1,200 ಮಾರಿದರೆ ಸಾಕೆಂದು ಅವರು ಎಣಿಸಿದ್ದರು! ನಮ್ಮಂತೆಯೇ ಜಪಾನಿನಲ್ಲಿ ರಸ್ತೆಯ ಎಡಕ್ಕೆ ಓಡಿಸುತ್ತಾರಾದ್ದರಿಂದ ಸ್ಟಿಯರಿಂಗು ಸ್ಥಳ ಬದಲಿಸುವ ಕೆಲಸ ಇರಲಿಲ್ಲ. ಬಲಕ್ಕೆ ಓಡಿಸುವ ದೇಶಕ್ಕಾದರೆ ಸ್ಟಿಯರಿಂಗು, ಪೆಡಲು, ಡ್ಯಾಶ್‌ಬೋರ್ಡು ಮಾತ್ರವಲ್ಲ, ಹೆಡ್‌ಲೈಟಿನ ಗಾಜೂ ಬದಲಾಗಬೇಕು. ಡಿಮ್ ಮಾಡಿದಾಗ ಬೆಳಕು ರಸ್ತೆಯಂಚಿನ ಕಡೆಗೆ ತುಸು ಮೇಲೆದ್ದು ಹೋಗುವಂತೆ ಅದನ್ನು ಮಾಡಿರುತ್ತಾರೆ. ತಪ್ಪು ದೇಶದ ದೀಪ ಎದುರಿನವನ ಕಣ್ಣು ಕುಕ್ಕುತ್ತದೆ.

ಈಗ ನಮ್ಮ ರಾಜ್ಯದ್ದೇ ಉದಾಹರಣೆಗೆ ಬರೋಣ. 2018ರಲ್ಲಿ ಸುಜುಕಿ ಮತ್ತು ಟೊಯೊಟಾ ಭಾರತದಲ್ಲಿ ಪರಸ್ಪರ ಕಾರು ಒದಗಿಸಲು ಒಪ್ಪಂದ ಮಾಡಿಕೊಂಡವು. ಸುಜುಕಿಗೆ ಸಣ್ಣ ಕಾರಿನ ಕೈವಾಡ ಗೊತ್ತು. ಟೊಯೊಟಾಕ್ಕೆ ಪೆಟ್ರೋಲು ಮತ್ತು ವಿದ್ಯುತ್ ಎರಡರಲ್ಲೂ ಓಡುವ ಹೈಬ್ರಿಡ್ ವಿದ್ಯೆ ಗೊತ್ತು. ಹೊಸ ಕಾರೊಂದನ್ನು ರೂಪಿಸಿ, ತಗಡು ಒತ್ತುವ ಅಚ್ಚು ಮಾಡಿಸಿ, ಪರೀಕ್ಷೆ ಮುಗಿಸುವಷ್ಟರಲ್ಲಿ ನೂರಾರು ಕೋಟಿ ಕರಗುತ್ತದೆ. ಒಬ್ಬರ ಕೊಟ್ಟಿಗೆಯ ಹಾಲು ಇಬ್ಬರ ಡೈರಿಗೂ ಹೋದರೆ ಇಬ್ಬರಿಗೂ ಲಾಭ. 2019ರಲ್ಲಿ ಬಲೆನೊ ಗ್ಲಾಂಜಾ ಆಯಿತು. ಅದೇ ಬಲೆನೊ 2020ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಟೊಯೊಟಾ ಸ್ಟಾರ್ಲೆಟ್ ಆಯಿತು. 2022ರಲ್ಲಿ ಸುಜುಕಿಯವರು ರೂಪಿಸಿದ ಗಾಡಿಯೊಂದನ್ನು ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಮಾಡಲು ತೊಡಗಿದರು. ಒಂದೇ ಸಾಲಿನಿಂದ ಗ್ರ್ಯಾಂಡ್ ವಿಟಾರಾ ಎಂಬ ಹೆಸರಿನಲ್ಲಿ ಮಾರುತಿ ಅಂಗಡಿಗೂ, ಅರ್ಬನ್ ಕ್ರೂಸರ್ ಹೈರೈಡರ್ ಎಂಬ ಹೆಸರಿನಲ್ಲಿ ಟೊಯೊಟಾ ಅಂಗಡಿಗೂ ಹೋಯಿತು. ಅದರ ಪೂರ್ಣ ಹೈಬ್ರಿಡ್ ಮಾದರಿಯಲ್ಲಿರುವುದು ಟೊಯೊಟಾದ ಎಂಜಿನ್ನು, ಸಾಧಾರಣ ಮಾದರಿಯಲ್ಲಿರುವುದು ಸುಜುಕಿಯದು. 2023ರಲ್ಲಿ ಪ್ರವಾಹ ತಿರುಗಿ, ಬಿಡದಿಯ ಇನೋವಾ ಹೈಕ್ರಾಸ್ ಮಾರುತಿ ಇನ್‌ವಿಕ್ಟೊ ಆಯಿತು. ಅಸಲು ಯಾವುದು, ನಕಲು ಯಾವುದು ಎಂದು ಕೇಳಿದರೆ ಇಲ್ಲಿ ಉತ್ತರವೇ ಇಲ್ಲ.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಮೂತಿಯ ಮೇಲಿನ ಗುರುತು ಗಾಡಿಯ ಒಡಲೇನೆಂದು ಹೇಳುವುದಿಲ್ಲ. ಕೆಟ್ಟರೆ ಯಾರು ಹೊಣೆ ಎಂದು ಹೇಳುತ್ತದೆ. 2019ರಲ್ಲಿ ಗ್ಲಾಂಜಾ ಬಂದಾಗ ಅದಕ್ಕೆ 3 ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರಿನ ಖಾತರಿ ಇತ್ತು, ಅವಳಿ ಬಲೆನೊಗೆ 2 ವರ್ಷ ಅಥವಾ 40,000 ಕಿಲೋಮೀಟರ್ ಮಾತ್ರ. ಒಂದೇ ಕಬ್ಬಿಣ, ಎರಡು ಕರಾರು. (2024ರಲ್ಲಿ ಮಾರುತಿಯವರೂ 3 ವರ್ಷ, ಒಂದು ಲಕ್ಷಕ್ಕೆ ಏರಿಸಿದರು.) ಬೆಲೆ ಹೋಲಿಸುವಾಗ ಈ ಕರಾರಿನ ಕಾಗದವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಜೊತೆಗೆ ನಮ್ಮ ತಾಲೂಕಿನಲ್ಲಿ ಯಾರ ಸರ್ವಿಸ್ ಅಂಗಡಿ ಇದೆ, ಘಟ್ಟ ಇಳಿದು ಹೋಗಬೇಕಾದದ್ದು ಯಾರದಕ್ಕೆ ಎಂಬುದನ್ನೂ ನೋಡಬೇಕು.

ಇದಕ್ಕಿಂತ ಮುಖ್ಯವಾದದ್ದು ಇದರ ತಿರುವು. ಹೆಸರು ಬೇರೆಯಾಗಿದ್ದು ಒಡಲು ಒಂದಾಗಿರುವುದು ಹಾನಿಯಲ್ಲ. ಹೆಸರು ಒಂದೇ ಆಗಿದ್ದು ಒಡಲು ಬೇರೆಯಾಗಿರುವುದು ಹಾನಿ. ಸ್ವಿಫ್ಟ್ ಕಾರನ್ನು ತೆಗೆದುಕೊಳ್ಳಿ. 2017ರಲ್ಲಿ ಯೂರೋಪಿನ ಡಿಕ್ಕಿ ಪರೀಕ್ಷೆಯಲ್ಲಿ ಅಲ್ಲಿನ ಸ್ವಿಫ್ಟ್‌ಗೆ 3 ನಕ್ಷತ್ರ, ಹೆಚ್ಚಿನ ಸುರಕ್ಷಾ ಸಲಕರಣೆ ಸೇರಿದರೆ 4 ಬಂತು. 2018ರಲ್ಲಿ ಭಾರತದಲ್ಲಿ ಮಾರುತ್ತಿದ್ದ, ಎರಡೇ ಗಾಳಿಚೀಲಗಳಿದ್ದ ಸ್ವಿಫ್ಟ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಬಂದದ್ದು 2. ಎರಡೂ ಪರೀಕ್ಷೆಗಳ ವಿಧಾನ ಬೇರೆ, ನಿಜ. ಆದರೂ ಪರದೇಶದ ನಕ್ಷತ್ರವನ್ನು ನಂಬಿ ಇಲ್ಲಿ ಕಾರು ಕೊಳ್ಳುವುದು ತರವಲ್ಲವೆಂಬುದು ಇದರಿಂದ ಸ್ಪಷ್ಟ. 2023ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಇದೆ. ಅಂಗಡಿಯವನು ನಕ್ಷತ್ರ ತೋರಿಸಿದರೆ ಯಾವ ದೇಶದಲ್ಲಿ ಮಾರುವ ಗಾಡಿಗೆ, ಯಾವ ವರ್ಷ, ಎಷ್ಟು ಗಾಳಿಚೀಲದ ಮಾದರಿಗೆ ಬಂದದ್ದೆಂದು ಕೇಳಿ. ಮಂಡಿಯಲ್ಲಿ ಮಾದರಿ ತೋರಿಸಿದ ಅಡಿಕೆಯೇ ಮೂಟೆಯ ತಳದಲ್ಲೂ ಇದೆಯೇ ಎಂದು ಕೈಹಾಕಿ ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕೊನೆಯದಾಗಿ ಬಿಡಿಭಾಗದ ವಿಷಯ. ಕೆಲವು ವರ್ಷಗಳ ಹಿಂದೆ ಕೊಯ್ಲಿನ ನಡುವೆ ನಮ್ಮ ಮನೆಯ ಗಾಡಿ ಕೈಕೊಟ್ಟಿತು. ಒಂದು ಸೆನ್ಸರ್ ಹೋಗಿತ್ತು. ಅಧಿಕೃತ ಅಂಗಡಿಯವರು ಮೂರು ವಾರ ಎಂದರು. ಮೂರು ವಾರ ಬಾಡಿಗೆ ಜೀಪಿನಲ್ಲಿ ಆಳು ಕರೆತಂದೆವು. ಭಾಗ ಬಂದ ದಿನ ನಮ್ಮ ಮೆಕ್ಯಾನಿಕ್ ಹಳೆಯದನ್ನು ಒರೆಸಿ ಅದರ ಮೇಲಿನ ಸಂಖ್ಯೆ ತೋರಿಸಿದ. ಅದೇ ಸಂಖ್ಯೆಯ ಭಾಗ ಅವಳಿ ಗಾಡಿ ಮಾರುವ ಇನ್ನೊಂದು ಕಂಪೆನಿಯ ಅಂಗಡಿಯಲ್ಲಿ, ನಮ್ಮ ಸಂಘದ ಕಚೇರಿಗೆ ಎರಡು ಮೈಲಿ ದೂರದಲ್ಲಿ, ಅಷ್ಟು ದಿನವೂ ಕಪಾಟಿನಲ್ಲಿತ್ತು. ಬೆಲೆಯೂ ಕಡಿಮೆ. ಇದನ್ನು ಬರೆಯಲು ನಮಗೆ ಸ್ವಲ್ಪ ನಾಚಿಕೆಯೇ ಆಗುತ್ತದೆ. ಅಂದಿನಿಂದ ಗಾಡಿಯ ಅವಳಿಯ ಹೆಸರನ್ನು ಆರ್‌ಸಿ ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟುಕೊಂಡಿದ್ದೇವೆ. ಒಂದು ಎಚ್ಚರಿಕೆ: ಖಾತರಿ ಅವಧಿಯೊಳಗೆ ಹೀಗೆ ಹೊರಗಿನಿಂದ ಭಾಗ ತಂದು ಹಾಕಿಸಿದರೆ ಖಾತರಿಗೆ ತಕರಾರು ಬರಬಹುದು, ಅವಧಿ ಮುಗಿದ ಮೇಲೆ ಅಡ್ಡಿಯಿಲ್ಲ. ಮೈ ಒಂದೇ ಆಗಿದ್ದರೂ ಬಂಪರು, ಜಾಲರಿ, ದೀಪ ಬೇರೆ ಇರುವುದುಂಟು. ಆದ್ದರಿಂದ ಹೆಸರು ಹೇಳಿ ಕೇಳದೆ ಸಂಖ್ಯೆ ಹೇಳಿ ಕೇಳಬೇಕು.

ಪಂಕ್ತಿಯಲ್ಲಿ ಪ್ರಶ್ನೆ ಕೇಳಿದ ಸದಸ್ಯರಿಗೆ ಈ ಬರಹದ ಪ್ರತಿಯನ್ನು ಅಚ್ಚಿಗೆ ಮೊದಲೇ ತೋರಿಸಿದೆವು. ಅವರ ಮಗ ಎರಡೂ ಅಂಗಡಿಗಳಿಂದ ಖಾತರಿಯ ಕರಾರು, ಐದು ವರ್ಷದ ಸರ್ವಿಸ್ ದರಪಟ್ಟಿ ತರಿಸಿಕೊಂಡಿದ್ದಾನಂತೆ. ಕಾರು ಬರುವುದು ಮಾತ್ರ ಮೆಣಸು ಮಾರಿದ ಮೇಲೆ.