ಮಡಿಕೆ ಬಿಚ್ಚದ ಆರ್‌ಎನ್‌ಎ

ಆರ್‌ಎನ್‌ಎ ಬಾಳಿಕೆಯ ಸರಕಲ್ಲ. ಪ್ರಯೋಗಾಲಯದಲ್ಲಿ ಅದರೊಂದಿಗೆ ಏಗುವವರು ಕೈಗವಸಿಲ್ಲದೆ ಮುಟ್ಟುವುದಿಲ್ಲ. ನಮ್ಮ ಚರ್ಮದ ಮೇಲಿರುವ ಕಿಣ್ವಗಳೇ ಅದನ್ನು ಚೂರು ಚೂರು ಮಾಡಿಬಿಡುತ್ತವೆ. ಹೀಗಿದ್ದೂ, ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಬಹುಮಟ್ಟಿಗೆ ಆರ್‌ಎನ್‌ಎಯಿಂದಲೇ ಆದದ್ದು. ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ರೈಬೋಸೋಮ್‌ನ ತೂಕದ ಮೂರನೇ ಎರಡರಷ್ಟು ಅದರದ್ದೇ. ಬಿಸಿನೀರ ಬುಗ್ಗೆಗಳಲ್ಲಿ ಬದುಕುವ ಥರ್ಮಸ್ ಥರ್ಮೋಫಿಲಸ್‌ನಲ್ಲಂತೂ ಅದು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖಕ್ಕೂ ಜಗ್ಗುವುದಿಲ್ಲ.

ಇ. ಕೊಲೈ ರೈಬೋಸೋಮ್‌ನ ಎರಡು ಭಾಗಗಳಲ್ಲಿ ಚಿಕ್ಕದರಲ್ಲಿರುವುದು ಎ, ಯು, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳಿಂದಾದ, 1,542 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆ. ಅದು ತನ್ನ ಮೇಲೇ ಮಡಚಿಕೊಂಡು, ಎ ಎದುರು ಯು, ಜಿ ಎದುರು ಸಿ ಕೂರಿಸಿಕೊಂಡು ಗಿಡ್ಡ ಸುರುಳಿಗಳಾಗುತ್ತದೆ. ಯಾವುದಕ್ಕೆ ಯಾವುದು ಜೋಡಿ ಎಂಬುದನ್ನು ಕಾರ್ಲ್ ವೋಸ್ ಮತ್ತು ಹ್ಯಾರಿ ನಾಲರ್ ಪತ್ತೆಮಾಡಿದ್ದು ರೈಬೋಸೋಮ್ ಹರಳುಗಳ ಎಕ್ಸ್-ಕಿರಣ ಚಿತ್ರ ಸಿಗುವ ಎಷ್ಟೋ ಮೊದಲು, ಬರೀ ಹೋಲಿಕೆಯಿಂದ. ಒಂದು ಜೀವಿಯಲ್ಲಿ ಜಿ–ಸಿ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಎ–ಯು ಇದ್ದರೆ, ಎರಡೂ ಅಕ್ಷರ ಒಟ್ಟಿಗೇ ಬದಲಾಗಿವೆ, ಅಂದರೆ ಅವು ಜೋಡಿ. ಈ ಕ್ಷೇತ್ರದಲ್ಲಿ ಇಷ್ಟು ಅಗ್ಗದ, ಇಷ್ಟು ಜಾಣ ಉಪಾಯ ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ಸುರುಳಿಗಳು ಒಂದಕ್ಕೊಂದು ಒತ್ತಿ ಕೂರುವುದೇ ಕಷ್ಟದ ಮಾತು. ಆರ್‌ಎನ್‌ಎಯ ಫಾಸ್ಫೇಟ್‌ಗಳೆಲ್ಲ ಋಣ ವಿದ್ಯುದಂಶದವು; ಹತ್ತಿರ ಬಂದರೆ ದೂಡಾಡುತ್ತವೆ. ಎರಡು ಧನ ವಿದ್ಯುದಂಶ ಹೊತ್ತ ಮೆಗ್ನೀಷಿಯಂ ನಡುವೆ ನಿಂತು ಆ ಜಗಳ ಬಿಡಿಸುತ್ತದೆ. ದ್ರಾವಣದಲ್ಲಿ ಮೆಗ್ನೀಷಿಯಂ ತಗ್ಗಿಸಿ ನೋಡಿ: ರೈಬೋಸೋಮ್‌ನ ದೊಡ್ಡ ಭಾಗ, ಚಿಕ್ಕ ಭಾಗ ಬೇರೆಯಾಗುತ್ತವೆ, ಇನ್ನೂ ತಗ್ಗಿಸಿದರೆ ಮಡಿಕೆಗಳೇ ಸಡಿಲವಾಗುತ್ತವೆ.

ಮೃತ ಸಮುದ್ರದ ಸೂಕ್ಷ್ಮಜೀವಿಯೊಂದರ ರೈಬೋಸೋಮ್‌ನ ದೊಡ್ಡ ಭಾಗವನ್ನು 2000ದಲ್ಲಿ ಯೇಲ್‌ನ ಥಾಮಸ್ ಸ್ಟೈಟ್ಸ್, ಪೀಟರ್ ಮೂರ್ ತಂಡ ಬಿಡಿಸಿ ತೋರಿಸಿದಾಗ ಇನ್ನೊಂದು ಬೆಸುಗೆ ಕಂಡಿತು. ನೂರಕ್ಕೂ ಹೆಚ್ಚು ಎ ಅಕ್ಷರಗಳು ಪಕ್ಕದ ಸುರುಳಿಗಳ ಕಿರುಗಾಲುವೆಗೆ ನುಸುಳಿ ಕಚ್ಚಿಕೊಂಡಿದ್ದವು. ಪ್ರೋಟೀನ್‌ಗಳದ್ದು ಕಲ್ಲುಗೋಡೆಯ ಸಂದಿಗೆ ಮೆತ್ತಿದ ಗಾರೆಯ ಪಾತ್ರ. ಅಮೈನೋ ಆಮ್ಲಗಳನ್ನು ಬೆಸೆಯುವ ಕೆಲಸ ಆರ್‌ಎನ್‌ಎಯದೇ.

ಎ ಅಕ್ಷರದ ಇದೇ ಚಾಳಿಯಿಂದ ತಪಾಸಣೆಯೂ ನಡೆಯುತ್ತದೆ. ಚಿಕ್ಕ ಭಾಗದ 1492, 1493ನೇ ಎಗಳು ಹೊರಕ್ಕೆ ಹೊರಳಿ, ಪ್ರೋಟೀನ್ ತಯಾರಿಯ ಸಂದೇಶಕ್ಕೆ ಸರಿಯಾದ, ಅಮೈನೋ ಆಮ್ಲ ಹೊತ್ತು ತರುವ ಟಿ-ಆರ್‌ಎನ್‌ಎ ಬಂದಿದೆಯೇ ಎಂದು ತಡವಿ ನೋಡುತ್ತವೆ. ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರ ಕೇಂಬ್ರಿಜ್ ತಂಡ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅವರಿಗೆ, ಸ್ಟೈಟ್ಸ್‌ಗೆ, ಇಸ್ರೇಲಿನ ಅಡಾ ಯೋನತ್‌ಗೆ 2009ರ ರಸಾಯನಶಾಸ್ತ್ರ ನೊಬೆಲ್ ಸಂದಿತು. ಪ್ಯಾರೊಮೊಮೈಸಿನ್ ಎಂಬ ಔಷಧ ಬ್ಯಾಕ್ಟೀರಿಯಾದಲ್ಲಿ ಇದೇ ಜಾಗಕ್ಕೆ ಹೊಕ್ಕು, ಆ ಎರಡು ಎಗಳನ್ನು ಹೊರಕ್ಕೆ ಒತ್ತಿಹಿಡಿಯುತ್ತದೆ. ತಪ್ಪು ಟಿ-ಆರ್‌ಎನ್‌ಎಗಳೂ ತಪಾಸಣೆ ದಾಟುತ್ತವೆ, ಪ್ರೋಟೀನ್‌ಗಳು ಕೆಡುತ್ತವೆ. ಬಿಹಾರವನ್ನು ಕಾಡಿದ ಕಾಲಾ ಅಜಾರ್ ಎಂಬ ಪರಾವಲಂಬಿ ರೋಗಕ್ಕೂ ಈ ಔಷಧದ ಚುಚ್ಚುಮದ್ದನ್ನು ಭಾರತ 2006ರಲ್ಲಿ ಒಪ್ಪಿಕೊಂಡಿತು.