ತೆರೆದ ಗಾಲಿಯ ಮೋಟಾರು ಪಂದ್ಯಗಳಲ್ಲಿ ಚಾಲಕನೂ ಪ್ರಾಯೋಜಕನೂ

ಮೋಟಾರು ಪಂದ್ಯಗಳ ವಾರ್ತೆಯನ್ನು ವೃತ್ತಪತ್ರಿಕೆಗಳ ಕ್ರೀಡಾಪುಟದಲ್ಲಿ ಓದುವವರು ಚಾಲಕನ ಹೆಸರನ್ನೂ ಅವನಿಗೆ ದೊರೆತ ಸ್ಥಾನವನ್ನೂ ಗಮನಿಸುತ್ತಾರೆ. ಅವನನ್ನು ಆ ಆಸನದಲ್ಲಿ ಕುಳ್ಳಿರಿಸಿದ ಹಣ ಯಾರದು, ಅದು ಯಾವ ಕರಾರಿನ ಮೇಲೆ ಬಂದಿತು ಎಂಬುದನ್ನು ವಿಚಾರಿಸುವವರು ವಿರಳ. ಅರ್ಥಶಾಸ್ತ್ರ, ವಾಣಿಜ್ಯಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಬೋಧಪ್ರದವಾದುದು. ಅದು ಕರ್ನಾಟಕಕ್ಕೆ ಹೊರಗಿನ ವಿಷಯವೂ ಅಲ್ಲ. ಬೆಂಗಳೂರಿನ ಒಂದು ಉದ್ಯಮಸಮೂಹದ ಯಜಮಾನರು 2008ರಿಂದ 2018ರವರೆಗೆ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಒಂದು ತಂಡವನ್ನು ನಡೆಸಿದರು. ಅದೇ ಬೆಂಗಳೂರಿನಲ್ಲಿ ಹುಟ್ಟಿದ ತರುಣರು ಅದೇ ಕಾಲದಲ್ಲಿ ಯೂರೋಪಿನ ಪಂದ್ಯಗಳಲ್ಲಿ ಓಡಿಸಲಾರಂಭಿಸಿದರು. ಆದರೂ ಆ ತಂಡದ ಕಾರಿನಲ್ಲಿ ಕುಳಿತು ಒಂದೇ ಒಂದು ಫಾರ್ಮುಲಾ ಒನ್ ಪಂದ್ಯವನ್ನು ಓಡಿದ ಭಾರತೀಯನಿಲ್ಲ. ಇದು ಹೇಗಾಯಿತು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ವಾಹನದ ವಿಚಾರ. ತೆರೆದ ಗಾಲಿಯ ಕಾರೆಂದರೆ ನಾಲ್ಕು ಚಕ್ರಗಳೂ ಹೊದಿಕೆಯಿಲ್ಲದೆ ಒಡಲಿನಿಂದ ಹೊರಗೆ ನಿಂತಿರುವ, ಒಬ್ಬನೇ ಕೂರತಕ್ಕ ಕಾರು. ಪೇಟೆಯಲ್ಲಿ ಮಾರುವ ಯಾವ ಕಾರಿಗೂ ಇದಕ್ಕೂ ಹೋಲಿಕೆಯಿಲ್ಲ. ಆದುದರಿಂದ ಇಂಥ ಕಾರನ್ನು ಓಡಿಸಿ ಗೆದ್ದರೆ ಆ ಕಾರೇ ಮಾರಾಟವಾಗುವುದಿಲ್ಲ. ಅದರ ಮೈಮೇಲೆ ಬರೆದ ಹೆಸರು ಮಾರಾಟವಾಗಬೇಕು. ಈ ಸಣ್ಣ ಸಂಗತಿಯಿಂದಲೇ ಮುಂದಿನದೆಲ್ಲ ಹುಟ್ಟುತ್ತದೆ.

ಹಿಂದೆ ಹೀಗಿರಲಿಲ್ಲ. 1968ರವರೆಗೆ ಫಾರ್ಮುಲಾ ಒನ್ ಕಾರುಗಳು ದೇಶದ ಬಣ್ಣವನ್ನು ಧರಿಸುತ್ತಿದ್ದುವು: ಇಂಗ್ಲೆಂಡಿನದು ಹಸಿರು, ಇಟಲಿಯದು ಕೆಂಪು, ಫ್ರಾನ್ಸಿನದು ನೀಲಿ. ತೈಲ ಮತ್ತು ಟೈರು ಕಂಪೆನಿಗಳು ತಮ್ಮ ಸರಕನ್ನು ಬಳಸಿದ್ದಕ್ಕಾಗಿ ಹಣ ಕೊಡುತ್ತಿದ್ದರೂ ಅವು ವ್ಯಾಪಾರದ ಒಳಗಿನವರು. ಅವುಗಳಲ್ಲಿ ಕೆಲವು ಹಿಂದೆಗೆಯಲು ನಿಯಮವನ್ನು ಸಡಿಲಿಸಬೇಕಾಯಿತು. 1968ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ತಂಡ ತನ್ನ ಹಸಿರನ್ನು ಬಿಟ್ಟು ಗೋಲ್ಡ್ ಲೀಫ್ ಸಿಗರೇಟು ಪೊಟ್ಟಣದ ಕೆಂಪು, ಬಿಳಿ, ಚಿನ್ನದ ಬಣ್ಣಗಳನ್ನು ತಳೆಯಿತು. ಅಂದಿನಿಂದ ಮೋಟಾರಿಗೆ ಸಂಬಂಧವೇ ಇಲ್ಲದ ವ್ಯಾಪಾರಿಯೂ ಈ ಕ್ರೀಡೆಯ ಪ್ರಾಯೋಜಕನಾಗಬಹುದಾಯಿತು.

ನಮ್ಮಲ್ಲಿ ಪ್ರಾಯೋಜಕನನ್ನು ಪೋಷಕನೆಂದು ಕರೆಯುವ ವಾಡಿಕೆಯುಂಟು. ಇದು ತಪ್ಪು ಕಲ್ಪನೆಗೆ ಎಡೆಮಾಡುತ್ತದೆ. ಅರಮನೆಯು ವೈಣಿಕನಿಗೆ ಆಶ್ರಯವಿತ್ತಾಗ ವೈಣಿಕನ ವಿದ್ಯೆಯೇ ಅದರ ಗುರಿ. ಅರಸನ ಕೀರ್ತಿ ಅದರ ಹಿಂದೆ ಬರುತ್ತಿದ್ದಿತು. ಪ್ರಾಯೋಜಕನಾದರೋ ಒಂದು ಜಾಗವನ್ನು ಕೊಳ್ಳುತ್ತಾನೆ. ಕಾರಿನ ಮೂತಿ, ಪಕ್ಕದ ಒಡಲು, ಹಿಂಬದಿಯ ರೆಕ್ಕೆ, ಚಾಲಕನ ಶಿರಸ್ತ್ರಾಣ, ಇವುಗಳಿಗೆ ಬೇರೆ ಬೇರೆ ಬೆಲೆ. ದೂರದರ್ಶನದ ಪರದೆಯ ಮೇಲೆ ಆ ಜಾಗ ಎಷ್ಟು ಹೊತ್ತು, ಯಾವ ದೇಶದವರ ಕಣ್ಣಿಗೆ ಬೀಳುತ್ತದೆಂಬುದೇ ಬೆಲೆಯ ಆಧಾರ.

ಇನ್ನು ಬೆಂಗಳೂರಿನ ಪ್ರಕರಣಕ್ಕೆ ಬರೋಣ. ಯುಬಿ ಸಮೂಹದ ವಿಜಯ ಮಲ್ಯ ಅವರು ಸ್ವತಃ ಪಂದ್ಯದ ಕಾರು ಓಡಿಸಿದವರು. ಎಂಬತ್ತರ ದಶಕದಲ್ಲಿ ಮದ್ರಾಸಿನ ಸಮೀಪದ ಶೋಳಾವರಂ ವಿಮಾನಪಟ್ಟಿಯ ಮೇಲೆ, ಹಳೆಯ ಫಾರ್ಮುಲಾ ಒನ್ ಕಾರಾದ ಎನ್‌ಸೈನನ್ನು ತರಿಸಿ ಓಡಿಸಿದ್ದರು. ಆದರೆ ಅವರ ಹಣ ಈ ಕ್ಷೇತ್ರಕ್ಕೆ ಬಂದುದನ್ನು ಕೇವಲ ಹವ್ಯಾಸದಿಂದ ವಿವರಿಸಲಾಗದು. ಭಾರತದಲ್ಲಿ ಮದ್ಯದ ನೇರ ಜಾಹೀರಾತಿಗೆ ದೂರದರ್ಶನದಲ್ಲಿ ನಿಷೇಧವಿದೆ. ಬಿಯರಿನ ಹೆಸರನ್ನು ಬೇರೊಂದು ವಸ್ತುವಿಗೆ ಅಂಟಿಸಿ ಜನರ ನೆನಪಿನಲ್ಲಿ ಇರಿಸುವುದು ಆ ವ್ಯಾಪಾರದ ಮಾರ್ಗ. 1996ರಲ್ಲಿ ಬೆನೆಟಾನ್ ತಂಡದ ಕಾರಿನ ಮೇಲೂ 2007ರಲ್ಲಿ ಟೊಯೋಟಾ ತಂಡದ ಕಾರಿನ ಮೇಲೂ ಕಿಂಗ್‌ಫಿಷರ್ ಎಂಬ ಹೆಸರು ಕಾಣಿಸಿತು. ಎರಡನೆಯ ಸಲಕ್ಕೆ ಅದೇ ಹೆಸರಿನ ವಿಮಾನಸಂಸ್ಥೆಯೂ ಹುಟ್ಟಿಕೊಂಡಿತ್ತು. 2007ರ ಅಕ್ಟೋಬರಿನಲ್ಲಿ ಮಲ್ಯ ಅವರು ನೆದರ್ಲೆಂಡ್ಸಿನ ಮಿಕೀಲ್ ಮೋಲ್ ಅವರೊಡಗೂಡಿ ಸ್ಪೈಕರ್ ತಂಡವನ್ನೇ ಸುಮಾರು 88 ಮಿಲಿಯನ್ ಯೂರೊಗಳಿಗೆ ಕೊಂಡರು. 2008ರ ಋತುವಿನಲ್ಲಿ ಅದು ಫೋರ್ಸ್ ಇಂಡಿಯಾ ಎನ್ನಿಸಿತು. 2009ರಿಂದ ಕಾರಿಗೆ ಕೇಸರಿ, ಬಿಳಿ, ಹಸಿರು ಬಣ್ಣ ಬಂದಿತು. ಆ ವರ್ಷ ಬೆಲ್ಜಿಯಮ್ಮಿನ ಸ್ಪಾ ಪಂದ್ಯದಲ್ಲಿ ಜಿಯಾಂಕಾರ್ಲೊ ಫಿಸಿಕೆಲ್ಲಾ ಮೊದಲ ಸಾಲಿನ ಮೊದಲ ಸ್ಥಾನದಿಂದ ಹೊರಟು ಎರಡನೆಯವನಾಗಿ ಮುಗಿಸಿದನು. ತಂಡಕ್ಕೆ ದೊರೆತ ಮೊತ್ತಮೊದಲ ಅಂಕಗಳು ಅವು.

ದೇಶದ ಹೆಸರು, ಧ್ವಜದ ಬಣ್ಣ ಎರಡೂ ಇದ್ದುವು. ದೇಶದ ಚಾಲಕ ಮಾತ್ರ ಇರಲಿಲ್ಲ. ಇಲ್ಲಿ ಒಂದು ಸ್ವಾರಸ್ಯವುಂಟು. ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿರುವ ಈ ತಂಡದ ಕಾರ್ಖಾನೆ 2005ರಲ್ಲಿ ಜೋರ್ಡನ್ ಎಂಬ ಹೆಸರಿನಲ್ಲಿದ್ದಾಗ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅಲ್ಲಿಯ ಕಾರನ್ನೇ ಓಡಿಸಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು. ಟಾಟಾ ಹೆಸರು ಅವರೊಡನೆ ಆ ಕಾರಿನ ಮೇಲೆ ಬಂದಿತ್ತು. ಟೈರುಗಳ ವಿವಾದದಿಂದ ಆರೇ ಕಾರುಗಳು ಓಡಿದ ಆ ವರ್ಷದ ಅಮೆರಿಕದ ಪಂದ್ಯದಲ್ಲಿ ಅವರು ನಾಲ್ಕನೆಯವರಾಗಿ 5 ಅಂಕ ಪಡೆದರು. ಅದೇ ಕಾರ್ಖಾನೆ ಭಾರತೀಯರ ಒಡೆತನಕ್ಕೆ ಬಂದ ಮೇಲೆ ಭಾರತೀಯ ಚಾಲಕನಿಗೆ ಅಲ್ಲಿ ಎಡೆಯಿಲ್ಲವಾಯಿತು. 2010ರಲ್ಲಿ ಚೆನ್ನೈನ ಕರುಣ್ ಚಂದೋಕ್ ಅವರಿಗೆ ಆಸನ ದೊರೆತದ್ದು ಸ್ಪೇನಿನ ಎಚ್‌ಆರ್‌ಟಿ ತಂಡದಲ್ಲಿ.

ಇದನ್ನು ದೇಶಾಭಿಮಾನದ ಕೊರತೆಯೆಂದು ಆಕ್ಷೇಪಿಸಿದವರುಂಟು. ನಮ್ಮ ಅಭಿಪ್ರಾಯದಲ್ಲಿ ಕಾರಣ ಬೇರೆ. ಮಾಲೀಕನೇ ಭಾರತೀಯನಾಗಿ, ಕಾರಿನ ಮೇಲೆ ಭಾರತವೆಂಬ ಹೆಸರೇ ಇದ್ದಾಗ ಭಾರತದ ಮಾರುಕಟ್ಟೆ ಆಗಲೇ ಕೈಗೆ ಬಂದಂತಾಯಿತು. ಅದಕ್ಕಾಗಿ ಮತ್ತೊಬ್ಬ ಭಾರತೀಯನಿಗೆ ಆಸನ ಕೊಡಬೇಕಾದ ವ್ಯಾಪಾರೀ ಅವಶ್ಯಕತೆ ಉಳಿಯಲಿಲ್ಲ. ಅಂಕಗಳು ಬೇಕು, ಏಕೆಂದರೆ ತಂಡಗಳ ಪಟ್ಟಿಯಲ್ಲಿನ ಸ್ಥಾನಕ್ಕೆ ಅನುಗುಣವಾಗಿ ಬಹುಮಾನದ ಹಣ ಹಂಚಿಕೆಯಾಗುತ್ತದೆ. ಅದಕ್ಕೆ ಪಳಗಿದ ಕೈ ಬೇಕು. ಇಲ್ಲವೇ ಬೇರೊಂದು ದೇಶದ ಮಾರುಕಟ್ಟೆಯನ್ನು ಕಟ್ಟಿಕೊಂಡು ಬರುವ ಚಾಲಕ ಬೇಕು. 2014ರಲ್ಲಿ ತಂಡ ಸೇರಿದ ಸೆರ್ಜಿಯೊ ಪೆರೆಜ್ ಎರಡನ್ನೂ ತಂದನು: ಮೆಕ್ಸಿಕೊ ದೇಶದ ಪ್ರಾಯೋಜಕರು ಅವನ ಬೆನ್ನಿಗಿದ್ದರು, ಮೊದಲ ಮೂರು ಸ್ಥಾನಗಳಲ್ಲಿ ತಂಡ ಪಡೆದ ಆರರಲ್ಲಿ ಐದು ಅವನವೇ.

ಪ್ರಾಯೋಜಕನ ಸ್ವಂತ ವ್ಯಾಪಾರ ಕುಸಿದಾಗ ಏನಾಗುತ್ತದೆಂಬುದಕ್ಕೂ ಇದೇ ದೃಷ್ಟಾಂತ. 2011ರ ಅಕ್ಟೋಬರಿನಲ್ಲಿ ಸಹಾರಾ ಸಂಸ್ಥೆ 100 ಮಿಲಿಯನ್ ಡಾಲರಿಗೆ ತಂಡದ ಶೇಕಡಾ 42.5 ಪಾಲನ್ನು ಕೊಂಡಿತು. ಅದೇ ತಿಂಗಳು ಗ್ರೇಟರ್ ನೋಯಿಡಾದ ಬುದ್ಧ ಪಥದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆಯಿತು. ತೆರಿಗೆಯ ತಕರಾರುಗಳ ನಡುವೆ 2013ಕ್ಕೆ ಅದೂ ನಿಂತಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದುವು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಮುಷ್ಕರ ಹೂಡಿದ್ದ ಆ ವೇಳೆಯಲ್ಲಿ ಅದೇ ಹೆಸರನ್ನು ಹೊತ್ತ ಕಾರುಗಳು ಪಂದ್ಯದಿಂದ ಪಂದ್ಯಕ್ಕೆ ಓಡುತ್ತಿದ್ದುವು. ಲೆಕ್ಕದ ಪುಸ್ತಕಗಳು ಬೇರೆ ಬೇರೆಯೆಂಬ ಸಮಾಧಾನವನ್ನು ವಾಣಿಜ್ಯಶಾಸ್ತ್ರ ಒಪ್ಪಬಹುದು. ಸಂಬಳಕ್ಕೆ ಕಾದಿದ್ದವರು ಒಪ್ಪಬೇಕೆಂದು ಹೇಳಲು ನಮಗೆ ಬಾಯಿ ಬಾರದು. 2014ರಲ್ಲಿ ಸಹಾರಾದ ಮುಖ್ಯಸ್ಥರು ಸೆರೆಮನೆ ಸೇರಿದರು. 2016ರ ಮಾರ್ಚಿಯಲ್ಲಿ ಮಲ್ಯ ಅವರು ದೇಶವನ್ನು ಬಿಟ್ಟರು. ಆಶ್ಚರ್ಯವೇನೆಂದರೆ ಆ 2016ರಲ್ಲಿಯೂ ಮರುವರ್ಷವೂ ತಂಡ ನಾಲ್ಕನೆಯ ಸ್ಥಾನಕ್ಕೇರಿತು. 2017ರಲ್ಲಿ ಆಸ್ಟ್ರಿಯದ ನೀರು ಶುದ್ಧೀಕರಣ ಸಂಸ್ಥೆಯಾದ ಬಿಡಬ್ಲ್ಯುಟಿಯ ಹಣ ಬಂದು ಕಾರು ಗುಲಾಬಿ ಬಣ್ಣಕ್ಕೆ ತಿರುಗಿತು. ಆದರೂ ಸಾಲ ತೀರಲಿಲ್ಲ. 2018ರ ಜುಲೈನಲ್ಲಿ ಲಂಡನಿನ ನ್ಯಾಯಾಲಯ ತಂಡವನ್ನು ಆಡಳಿತಾಧಿಕಾರಿಗಳ ವಶಕ್ಕೆ ಕೊಟ್ಟಿತು. ಆ ಅರ್ಜಿಯನ್ನು ಹಾಕಿದವನು ತನಗೆ ಬರಬೇಕಾದ ಸಂಭಾವನೆ ಬಾಕಿಯಿದ್ದ ಚಾಲಕ ಪೆರೆಜನೇ. ತಂಡ ಮುಚ್ಚಿಹೋಗಿ ಸುಮಾರು 400 ಮಂದಿ ನೌಕರರು ಬೀದಿಗೆ ಬೀಳುವುದನ್ನು ತಪ್ಪಿಸಲು ಹೀಗೆ ಮಾಡಿದೆನೆಂದು ಅವನು ತಿಳಿಸಿದನು. ಕೆನಡಾದ ಲಾರೆನ್ಸ್ ಸ್ಟ್ರೋಲ್ ಮತ್ತು ಅವರ ಜೊತೆಗಾರರು ತಂಡವನ್ನು ಕೊಂಡರು. ಮುಂದಿನ ವರ್ಷ ಅವರ ಮಗ ಲ್ಯಾನ್ಸ್ ಸ್ಟ್ರೋಲ್ ಅದರ ಚಾಲಕನಾದನು. ಕಾರ್ಖಾನೆ ಅಲ್ಲೇ ಇದೆ. 2021ರಿಂದ ಅದರ ಹೆಸರು ಆಸ್ಟನ್ ಮಾರ್ಟಿನ್.

ಮಾಲೀಕ ಮಾರಿ ಹೊರಬರಬಹುದು, ಪ್ರಾಯೋಜಕ ಬಣ್ಣ ಅಳಿಸಿ ಬೇರೆ ಕಡೆ ಹೋಗಬಹುದು. ಚಾಲಕನಿಗೆ ಈ ಸೌಕರ್ಯವಿಲ್ಲ. ಅವನ ಸ್ಥಿತಿಯನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ವಾಚಕರು ತಮ್ಮ ಊರಿನ ಬೆಳೆಯಿಂದ ಚೆನ್ನಾಗಿ ಅರಿಯಬಲ್ಲರು. ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ರೈತನು ಚಂದ್ರಿಕೆಯಿಂದ ಗೂಡು ಬಿಡಿಸಿ ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಒಯ್ದರೆ, ಹರಾಜಿನ ಬೆಲೆ ಕಡಿಮೆಯೆನಿಸಿತೆಂದು ಅದನ್ನು ತಿಂಗಳುಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಚಿಟ್ಟೆ ತೂತುಮಾಡಿ ಹೊರಬಂದಿತೆಂದರೆ ಎಳೆ ಕಡಿದುಹೋಗಿ ನೂಲು ಬಿಚ್ಚಲು ಬಾರದು. ತೆರೆದ ಗಾಲಿಯ ಚಾಲಕನ ಪ್ರಾಯವೂ ಅಂಥದೇ. ಎಂಟು ಒಂಬತ್ತನೆಯ ವಯಸ್ಸಿಗೆ ಚಿಕ್ಕ ಕಾರ್ಟುಗಳಲ್ಲಿ ತೊಡಗಿ, ಹದಿನಾರರ ಹೊತ್ತಿಗೆ ಫಾರ್ಮುಲಾ ನಾಲ್ಕು, ಆಮೇಲೆ ಮೂರು, ಎರಡು, ಹೀಗೆ ಮೆಟ್ಟಿಲೇರಬೇಕು. ಫಾರ್ಮುಲಾ ಒನ್ನಿಗೆ ಅಗತ್ಯವಾದ ವಿಶೇಷ ಪರವಾನಗಿಗೆ ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ಮೂರು ವರ್ಷಗಳಲ್ಲಿ 40 ಅಂಕ ಕೂಡಿರಬೇಕು. ಇಪ್ಪತ್ತನಾಲ್ಕು ಇಪ್ಪತ್ತೈದು ದಾಟಿದವನತ್ತ ತಂಡಗಳು ಹೊರಳಿ ನೋಡುವುದು ಅಪರೂಪ. ಹೋಲಿಕೆ ಒಂದು ಕಡೆ ಮುರಿಯುತ್ತದೆಂಬುದನ್ನೂ ಹೇಳಬೇಕು: ಗೂಡು ತಂದ ರೈತ ಕೊನೆಗಾದರೂ ಹಣ ಪಡೆದು ಹಿಂದಿರುಗುತ್ತಾನೆ, ಕೆಳಮೆಟ್ಟಿಲಿನ ಚಾಲಕನು ಆಸನಕ್ಕಾಗಿ ತಾನೇ ಹಣ ತೆರುತ್ತಾನೆ. ಫಾರ್ಮುಲಾ ಎರಡರ ಒಂದು ಋತುವಿಗೆ ಎರಡರಿಂದ ಮೂರು ಮಿಲಿಯನ್ ಯೂರೊ ಎಂಬುದು ಆ ವಲಯದಲ್ಲಿ ರೂಢಿಯಲ್ಲಿರುವ ಅಂದಾಜು. ನಮ್ಮ ಹಣದಲ್ಲಿ ಅದು ಇಪ್ಪತ್ತು ಕೋಟಿಯ ಆಚೀಚೆ ತೊಡಗಿ ಮೂವತ್ತು ಕೋಟಿ ಮುಟ್ಟುತ್ತದೆ.

ಹಣ ತೆತ್ತು ಬಂದ ಚಾಲಕನೆಂಬುದು ತಿರಸ್ಕಾರದ ಮಾತಾಗಿ ಬಳಕೆಯಲ್ಲಿದೆ. ಅದು ನ್ಯಾಯವಲ್ಲ. ಆಸ್ಟ್ರಿಯದ ನಿಕಿ ಲೌಡಾ 1972ರಲ್ಲಿ ಮಾರ್ಚ್ ತಂಡದ ಆಸನವನ್ನು ಬ್ಯಾಂಕಿನ ಸಾಲದಿಂದ ಕೊಂಡನು, 1975ರಲ್ಲಿ ಜಗಜ್ಜೇತನಾದನು. ಹಣ ಪ್ರತಿಭೆಯನ್ನು ಕೊಡುವುದಿಲ್ಲ, ಇದ್ದ ಪ್ರತಿಭೆಗೆ ಕಾಲಾವಕಾಶವನ್ನು ಕೊಡುತ್ತದೆ. ಹಣವಿಲ್ಲದವನ ಪ್ರತಿಭೆ ಯಾರ ಕಣ್ಣಿಗೂ ಬೀಳದೆ ಹೋಗುವುದರಿಂದ ಅದು ಎಷ್ಟಿತ್ತೆಂದು ಲೆಕ್ಕ ಹಾಕುವ ದಾರಿಯೂ ಇಲ್ಲ.

ಬೆಂಗಳೂರಿನ ಮೈನಿ ಸಹೋದರರ ಉದಾಹರಣೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಅವರದು ಯಂತ್ರಭಾಗಗಳ ಉದ್ಯಮದಲ್ಲಿ ಹೆಸರಾದ ಮನೆತನ. 2001ರಲ್ಲಿ ಪೇಟೆಗೆ ಬಂದ ರೇವಾ ವಿದ್ಯುತ್ ಕಾರು ಅದೇ ಮನೆತನದ್ದು. ತಂದೆಯವರೂ ಪಂದ್ಯಗಳಲ್ಲಿ ಓಡಿಸಿದವರು. ಹಿರಿಯವರಾದ ಅರ್ಜುನ್ ಮೈನಿ 2011ರಲ್ಲಿ ಫೋರ್ಸ್ ಇಂಡಿಯಾ ತಂಡವೇ ಭಾರತದಲ್ಲಿ ನಡೆಸಿದ ಬಾಲಚಾಲಕರ ಶೋಧದಲ್ಲಿ ಆಯ್ಕೆಯಾದರು. ಬೆಂಗಳೂರಿನ ಹಣವೂ ಬೆಂಗಳೂರಿನ ಚಾಲಕನೂ ಪರಸ್ಪರ ಅತ್ಯಂತ ಸಮೀಪಕ್ಕೆ ಬಂದುದು ಅದೊಂದೇ ಸಲವೆಂದು ತೋರುತ್ತದೆ. 2018ರಲ್ಲಿ ಅವರು ಫಾರ್ಮುಲಾ ಎರಡನ್ನು ತಲುಪಿದರು, ಅಮೆರಿಕದ ಹಾಸ್ ತಂಡದ ಅಭಿವೃದ್ಧಿ ಚಾಲಕರೂ ಆಗಿದ್ದರು. ಆದರೆ ಶೋಧ ನಡೆಸಿದ ತಂಡ ಅದೇ ವರ್ಷ ಕೈಬದಲಾಯಿತು. ಮುಂದೆ ಅವರು ಜರ್ಮನಿಯ ಹೊದಿಕೆಗಾಲಿಯ ಪಂದ್ಯಗಳಿಗೆ ಹೊರಳಿದರು. ಕಿರಿಯವರಾದ ಕುಶ್ ಮೈನಿ 2023ರಲ್ಲಿ ಫಾರ್ಮುಲಾ ಎರಡಕ್ಕೆ ಬಂದು, 2025ರ ಮೇ ತಿಂಗಳಲ್ಲಿ ಮೊನಾಕೊ ನಗರದ ಬೀದಿಗಳಲ್ಲಿ ನಡೆದ ಕಿರು ಪಂದ್ಯವನ್ನು ಗೆದ್ದರು; ಆ ವರ್ಷ ಆಲ್ಪೀನ್ ತಂಡದ ಮೀಸಲು ಚಾಲಕರಲ್ಲಿ ಒಬ್ಬರಾಗಿದ್ದರು. ಮೀಸಲು ಚಾಲಕನೆಂದರೆ ಕಾರ್ಖಾನೆಯ ಕೃತಕ ಯಂತ್ರದಲ್ಲಿ ದುಡಿಯುತ್ತ, ಬೇರೊಬ್ಬನ ಆಸನ ತೆರವಾಗಲೆಂದು ಕಾಯುವವನು. 2025ರ ಅಂತ್ಯದವರೆಗೆ ಫಾರ್ಮುಲಾ ಒನ್ ಪಂದ್ಯ ಓಡಿದ ಭಾರತೀಯರು ಕಾರ್ತಿಕೇಯನ್ ಮತ್ತು ಚಂದೋಕ್ ಇಬ್ಬರೇ.

ಮನೆತನದ ಬೆಂಬಲವಿಲ್ಲದವರಿಗೆ ನಮ್ಮ ದೇಶದಲ್ಲಿ ಉಳಿದಿರುವ ಆಸರೆ ಮುಖ್ಯವಾಗಿ ಟೈರು ಕಂಪೆನಿಗಳದು. ಎಂಆರ್‌ಎಫ್ ಮತ್ತು ಜೆಕೆ ಟೈರ್ ದಶಕಗಳಿಂದ ಚೆನ್ನೈ, ಕೊಯಮತ್ತೂರುಗಳ ಪಥಗಳಲ್ಲಿ ತೆರೆದ ಗಾಲಿಯ ಪಂದ್ಯಗಳಿಗೆ ಹಣ ಹಾಕುತ್ತ ಬಂದಿವೆ. ಹಳೆಯ ಮಾತಿನಲ್ಲಿ ಹೇಳುವುದಾದರೆ ಇವು ವ್ಯಾಪಾರದ ಒಳಗಿನವು; ಬಿಯರಿನ ಹೆಸರಿಗಿಂತ ಹೆಚ್ಚು ಕಾಲ ನಿಂತಿರುವುದಕ್ಕೆ ಅದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಆದರೆ ಇವುಗಳ ಹಣ ದೇಶದ ಗಡಿಯವರೆಗೆ ಸಾಕಾಗುತ್ತದೆ, ಅದರಾಚೆಗೆ ಬಹುಮಟ್ಟಿಗೆ ಸಾಲದು.

ಕಾಲೇಜುಗಳಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ದಾರಿಯುಂಟು. ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ತೆರೆದ ಗಾಲಿಯ ಚಿಕ್ಕ ಕಾರನ್ನು ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳು ಅನೇಕ ದೇಶಗಳಲ್ಲಿ ನಡೆಯುತ್ತವೆ. ಕೊಯಮತ್ತೂರಿನ ಕರಿ ಪಥದಲ್ಲಿ ನಡೆದು ಬಂದಿರುವ ಫಾರ್ಮುಲಾ ಭಾರತ್ ಆ ಬಗೆಯದು. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ತಂಡ 2003ರಿಂದ ಇಂಥ ಕಾರುಗಳನ್ನು ನಿರ್ಮಿಸುತ್ತಿದೆ. ಇಲ್ಲಿಯೂ ಹಣ ಪ್ರಾಯೋಜಕರಿಂದಲೇ ಬರಬೇಕು: ಒಬ್ಬರು ಉಕ್ಕಿನ ಕೊಳವೆ ಕೊಡುತ್ತಾರೆ, ಇನ್ನೊಬ್ಬರು ತಮ್ಮ ಯಂತ್ರಶಾಲೆಯಲ್ಲಿ ಬಿಡಿಭಾಗ ಕಡೆದು ಕೊಡುತ್ತಾರೆ. ಇದರ ಅಂಕಪದ್ಧತಿ ಮಾತ್ರ ದೊಡ್ಡ ಪಂದ್ಯಗಳಲ್ಲಿ ಕಾಣದಂಥದು. ಒಟ್ಟು 1000 ಅಂಕಗಳಲ್ಲಿ ವಿನ್ಯಾಸದ ಸಮರ್ಥನೆಗೆ 150, ಪ್ರತಿಯೊಂದು ಭಾಗದ ವೆಚ್ಚದ ಲೆಕ್ಕಕ್ಕೆ 100, ಹಣ ಹೂಡುವವರ ಮುಂದೆ ಮಂಡಿಸುವ ವ್ಯಾಪಾರಯೋಜನೆಗೆ 75 ಅಂಕಗಳನ್ನು ಮೀಸಲಿಟ್ಟಿದೆ. ಈ ಪರೀಕ್ಷೆಗಳೆಲ್ಲ ಕಾರು ನಿಂತಲ್ಲೇ ನಿಂತಿರುವಾಗ ನಡೆಯುತ್ತವೆ. ವೆಚ್ಚದ ಪಟ್ಟಿಯನ್ನು ಹಿಡಿದ ಪರೀಕ್ಷಕನು ಒಂದು ತಿರುಪುಮೊಳೆಯನ್ನು ತೋರಿಸಿ, ಇದಕ್ಕೆ ಈ ಬೆಲೆ ಏಕಾಯಿತೆಂದು ವಿದ್ಯಾರ್ಥಿಯನ್ನು ಕೇಳಬಹುದು.