ಬಾಯಿ ಮುಚ್ಚಿ ನಗುವವರ ಗ್ರೂಪ್ ಫೋಟೊ

ನಮ್ಮ ಡಿಗ್ರಿ ಕೊನೆಯ ವರ್ಷದ ಗ್ರೂಪ್ ಫೋಟೊ ನೋಡಿ ಬೆಂಗಳೂರಿನ ಗೆಳೆಯನೊಬ್ಬ ಕೇಳಿದ: ‘ನಿಮ್ಮ ಕ್ಲಾಸಲ್ಲಿ ಯಾರಿಗೂ ನಗೋದಕ್ಕೆ ಬರಲ್ವೇನೋ?’ ಬರುತ್ತೆ. ಆದರೆ ಕ್ಯಾಮೆರಾ ಕಂಡರೆ ತುಟಿ ಬಿಗಿಯುತ್ತೇವೆ. ಶ್ರೀನಿವಾಸಪುರ ಕಡೆಯ ನನಗೂ, ಮಾಲೂರು, ಮುಳಬಾಗಿಲಿನ ಹಳ್ಳಿಗಳಿಂದ ಕೋಲಾರಕ್ಕೆ ಬಸ್ಸು ಹತ್ತುತ್ತಿದ್ದ ಕೆಲವು ಗೆಳೆಯರಿಗೂ ಹಲ್ಲಿನ ಮೇಲೆ ಕಂದು ಗೆರೆಗಳಿವೆ.

ಮೊದಲ ಇಂಟರ್‌ವ್ಯೂನಲ್ಲಿ ಎದುರಿಗಿದ್ದವರು ಓದಿನ ಬಗ್ಗೆ ಕೇಳುವ ಮೊದಲೇ ‘ಗುಟ್ಕಾ ಅಭ್ಯಾಸ ಇದೆಯಾ?’ ಅಂದರು. ‘ಇಲ್ಲ ಸರ್, ಇದು ನಮ್ಮೂರ ನೀರು’ ಅಂದೆ. ನಂಬಿದಂತೆ ಕಾಣಲಿಲ್ಲ. ಕೆಲಸವೂ ಸಿಗಲಿಲ್ಲ. ಮನೆಗೆ ಬಂದು ಈ ಕಲೆಯ ಜಾತಕ ಹುಡುಕಿದೆ.

ಅದು ಸಿಕ್ಕಿದ್ದು ಅಮೆರಿಕದಲ್ಲಿ! 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದಾಗ ಊರಿನ ಎಷ್ಟೋ ಮಂದಿಯ ಹಲ್ಲು ಕಂದಾಗಿತ್ತು. ಹಂದಿಮಾಂಸ ಹೆಚ್ಚು ತಿಂದದ್ದಕ್ಕೆ, ಕೆಟ್ಟ ಹಾಲು ಕುಡಿದದ್ದಕ್ಕೆ ಎಂದೆಲ್ಲ ಜನ ಕಾರಣ ಹೇಳುತ್ತಿದ್ದರು. ಮೆಕೇಗೆ ನೀರಿನ ಮೇಲೆ ಅನುಮಾನ. ಅದರಲ್ಲಿ ಇರುವುದೇನು ಎಂದು ತಿಳಿಯಲು 1931 ಬರಬೇಕಾಯಿತು. ಅಲ್ಯೂಮಿನಿಯಂ ಕಂಪನಿಯ ರಸಾಯನತಜ್ಞ ಎಚ್.ವಿ. ಚರ್ಚಿಲ್ ನೀರು ಪರೀಕ್ಷಿಸಿ ಕಂಡದ್ದು ಫ್ಲೋರೈಡ್. ತಮಾಷೆಯೆಂದರೆ, ಕಲೆ ಬಿದ್ದ ಆ ಹಲ್ಲುಗಳಿಗೆ ಹುಳುಕು ಕಡಿಮೆ. ಅದೇ ಸುಳಿವು ಹಿಡಿದು 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಬೆರೆಸಿದರು. ನಾವು ಬೆಳಿಗ್ಗೆ ಉಜ್ಜುವ ಎಷ್ಟೋ ಪೇಸ್ಟ್‌ಗಳಲ್ಲಿರುವುದೂ ಅದೇ. ಅಳತೆಯಲ್ಲಿದ್ದರೆ ಕಾವಲು, ಮೀರಿದರೆ ಕಲೆ.

ನಮ್ಮಲ್ಲಿ ಅಳತೆ ಮೀರಿದ್ದೇಕೆ? ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕೆರೆಗಳು ಬತ್ತಿದಂತೆ ಬೋರ್‌ವೆಲ್ ಸಾವಿರ ಅಡಿ ದಾಟಿತು. ಆಳದ ಕಲ್ಲುಬಂಡೆಯ ಜೊತೆ ಬಹುಕಾಲ ಇದ್ದ ನೀರಿನಲ್ಲಿ ಬಂಡೆಯ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲವಾದರೆ 1.5 ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗಷ್ಟೇ ಅಲ್ಲ, ಮೂಳೆಗೂ ತೊಂದರೆ. ಬೆನ್ನು, ಕುತ್ತಿಗೆ ಬಿಗಿಯುತ್ತವೆ. 1937ರಲ್ಲೇ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ ವೈದ್ಯರು ಇದನ್ನು ದಾಖಲಿಸಿದ್ದರು.

ನಮ್ಮಜ್ಜಿ ‘ನೀರು ಕಾಯಿಸಿ ಕುಡೀರಪ್ಪಾ’ ಅಂತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ! ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತರುವ ಮನೆಗಳಲ್ಲೂ ಸಾರಿಗೆ, ಮುದ್ದೆಗೆ ಕೊಳಾಯಿ ನೀರೇ. ನಮ್ಮ ಮನೆಯಲ್ಲೂ ಹಾಗೇ ಇತ್ತು.

ಮುಂಬದಿಯ ಕಾಯಂ ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲೇ, ಹೆಚ್ಚೆಂದರೆ ಎಂಟು ವರ್ಷದೊಳಗೆ, ಈ ಕಲೆ ಒಳಗೇ ಅಚ್ಚಾಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗದು. ನನ್ನದು ಆಗಿಹೋಯಿತು. ಅಕ್ಕನ ಮಗನಿಗೆ ಈಗ ನಾಲ್ಕು ವರ್ಷ. ಅವನ ಮುಂದಿನ ಹಲ್ಲು ಒಸಡಿನೊಳಗೆ ತಯಾರಾಗುತ್ತಿದೆ. ಅದಕ್ಕೇ ಈಗ ಮುದ್ದೆಯ ಎಸರಿಗೂ ಕ್ಯಾನಿನ ನೀರು. ಕ್ಯಾನು ಹೊರುವ ಕೆಲಸ ನನ್ನದು.

ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆ. ಈ ಸಲ ಬಾಯಿ ಬಿಟ್ಟೇ ನಗುತ್ತೇನೆ. ಕೇಳಿದರೆ ಹೇಳಲು ಕಥೆಯಂತೂ ಇದೆಯಲ್ಲ!